ಅಂಚೆ ಕೂಪನ್ನಿನಿಂದ ಬಿಟ್‌ಕಾಯಿನ್‌ವರೆಗೆ: ಒಂದು ವಂಚನೆಯ ನೂರು ವರ್ಷ

ಐಸಾಕ್ ನ್ಯೂಟನ್ನನ ಹೆಸರು ಕೇಳಿದೊಡನೆ ನಿಮಗೆ ಗುರುತ್ವಾಕರ್ಷಣೆ, ಕಲನಶಾಸ್ತ್ರ, ಪಟ್ಟಕದ ಪ್ರಯೋಗಗಳು ನೆನಪಾಗುತ್ತವೆ. ಆದರೆ 1696ರಿಂದ 1727ರಲ್ಲಿ ತೀರಿಕೊಳ್ಳುವವರೆಗೆ ಆತನ ಉದ್ಯೋಗ ಲಂಡನ್ನಿನ ಟಂಕಸಾಲೆಯಲ್ಲಿತ್ತು. ಖೋಟಾ ನಾಣ್ಯ ಮಾಡುವವರನ್ನು ಹುಡುಕಿ ಹಿಡಿಸುವುದೂ ಆ ಕೆಲಸದ ಭಾಗವಾಗಿತ್ತು. ಅಂಥ ನ್ಯೂಟನ್ 1720ರಲ್ಲಿ ಸೌತ್ ಸೀ ಕಂಪನಿಯ ಷೇರುಗಳನ್ನು ಮೊದಲು ಲಾಭಕ್ಕೆ ಮಾರಿದ. ಬೆಲೆ ಇನ್ನೂ ಏರುವುದನ್ನು ಕಂಡು ದುಬಾರಿ ದರಕ್ಕೆ ಮತ್ತೆ ಕೊಂಡ. ಆ ವರ್ಷ ಮುಗಿಯುವುದರೊಳಗೆ ಬೆಲೆ ಕುಸಿದು, ಆತ ಭಾರಿ ನಷ್ಟ ಅನುಭವಿಸಿದ.

ಈ ಸಂಗತಿಯಿಂದ ಲೇಖನ ಆರಂಭಿಸಲು ಕಾರಣವಿದೆ. ಕ್ರಿಪ್ಟೋ ನಾಣ್ಯಗಳ ಹೆಸರಿನಲ್ಲಿ ಹಣ ಕಳೆದುಕೊಂಡವರ ಸುದ್ದಿ ಓದಿದಾಗ ನಾವು ಸಾಮಾನ್ಯವಾಗಿ ಹೇಳುವ ಮಾತು ‘ಇಷ್ಟೂ ತಿಳಿಯಲಿಲ್ಲವೆ?’ ಎಂಬುದು. ಬುದ್ಧಿವಂತಿಕೆಯೇ ರಕ್ಷಣೆಯಾಗಿದ್ದರೆ ನ್ಯೂಟನ್ನನಿಗೆ ನಷ್ಟವಾಗಬಾರದಿತ್ತು. ರಕ್ಷಣೆ ಕೊಡುವುದು ಲೆಕ್ಕ ಹಾಕಿ ನೋಡುವ ಅಭ್ಯಾಸ. ಅದನ್ನು ಶಾಲೆ ಕಾಲೇಜುಗಳಲ್ಲಿ ಕಲಿಸಬಹುದು. ಹಾಗಾಗಿ ಈ ವಂಚನೆಯ ಇತಿಹಾಸವನ್ನು ಅಂಕಿಗಳ ಸಹಿತ ನೋಡೋಣ.

ಬಾಸ್ಟನ್ನಿನ ಕೂಪನ್ನುಗಳು

ಬೇರೆ ದೇಶಕ್ಕೆ ಪತ್ರ ಬರೆಯುವವನು ಉತ್ತರದ ಅಂಚೆ ವೆಚ್ಚವನ್ನೂ ತಾನೇ ಭರಿಸಲು ಅನುಕೂಲವಾಗುವಂತೆ ವಿಶ್ವ ಅಂಚೆ ಒಕ್ಕೂಟವು 1906ರಲ್ಲಿ ಅಂತರರಾಷ್ಟ್ರೀಯ ಉತ್ತರ ಕೂಪನ್ ಎಂಬ ಚೀಟಿಯನ್ನು ರೂಪಿಸಿತು. ಒಂದು ದೇಶದಲ್ಲಿ ಕೊಂಡ ಕೂಪನ್ನನ್ನು ಇನ್ನೊಂದು ದೇಶದಲ್ಲಿ ಅಂಚೆಚೀಟಿಗೆ ಬದಲಿಸಿಕೊಳ್ಳಬಹುದಿತ್ತು. ಮೊದಲ ಮಹಾಯುದ್ಧದ ನಂತರ ಇಟಲಿಯಂಥ ದೇಶಗಳ ಹಣದ ಬೆಲೆ ಇಳಿದುದರಿಂದ, ಅಲ್ಲಿ ಅಗ್ಗವಾಗಿ ಕೊಂಡ ಕೂಪನ್ನಿಗೆ ಅಮೆರಿಕದಲ್ಲಿ ಹೆಚ್ಚು ಬೆಲೆಯ ಅಂಚೆಚೀಟಿ ದೊರೆಯುವಂತಾಯಿತು. ಇಲ್ಲಿಯವರೆಗಿನ ಮಾತು ನಿಜ.

1920ರಲ್ಲಿ ಬಾಸ್ಟನ್ ನಗರದ ಚಾರ್ಲ್ಸ್ ಪಾಂಜಿ ಎಂಬಾತ ಈ ನಿಜವನ್ನೇ ಮುಂದಿಟ್ಟುಕೊಂಡು, ಹಣ ಹೂಡಿದವರಿಗೆ 45 ದಿನಗಳಲ್ಲಿ ಶೇ. 50 ಲಾಭ ಕೊಡುವುದಾಗಿ ಸಾರಿದ. ಮೊದಲು ಬಂದವರಿಗೆ ಹೇಳಿದ ದಿನ ಹಣ ಕೊಟ್ಟ. ಅದು ನಂತರ ಬಂದವರ ಹಣವಾಗಿತ್ತು. ಆ ವರ್ಷದ ಬೇಸಿಗೆಯಲ್ಲಿ ಕ್ಲಾರೆನ್ಸ್ ಬ್ಯಾರನ್ ಎಂಬ ಹಣಕಾಸು ಬರಹಗಾರ ಸರಳವಾದ ಒಂದು ಲೆಕ್ಕ ಹಾಕಿದ. ಪಾಂಜಿ ಹೇಳುವ ವ್ಯವಹಾರ ನಡೆಯಬೇಕಾದರೆ ಸುಮಾರು 16 ಕೋಟಿ ಕೂಪನ್ನುಗಳು ಬೇಕು. ಚಲಾವಣೆಯಲ್ಲಿದ್ದುದು ಸುಮಾರು 27,000 ಮಾತ್ರ! ಬಾಸ್ಟನ್ ಪೋಸ್ಟ್ ಪತ್ರಿಕೆ ಇದನ್ನು ಪ್ರಕಟಿಸಿತು. ಗಾಬರಿಗೊಂಡು ಬಂದವರಿಗೆ ಪಾಂಜಿ ಹಣ ಮರಳಿಸಿದ. ಹಾಗೆ ಮರಳಿಸಿದ್ದೇ ಉಳಿದವರ ನಂಬಿಕೆಯನ್ನು ಬಲಪಡಿಸಿತು. ಆಗಸ್ಟ್ ತಿಂಗಳಲ್ಲಿ ಆತನ ಬಂಧನವಾಯಿತು. ಹೂಡಿಕೆದಾರರಿಗೆ ಕೊನೆಗೆ ಸಿಕ್ಕಿದ್ದು ಡಾಲರಿಗೆ ಸುಮಾರು 37 ಸೆಂಟುಗಳು.

ಮೊದಲ ಕಂತು ಕೈಗೆ ಬಂತೆಂಬುದು ವ್ಯವಹಾರದ ಪ್ರಾಮಾಣಿಕತೆಗೆ ಸಾಕ್ಷಿಯಲ್ಲ ಎಂಬುದನ್ನು ಇಲ್ಲಿ ಗಮನಿಸಿ. ಮುಂದಿನ ನೂರು ವರ್ಷಗಳ ಎಲ್ಲ ಪ್ರಕರಣಗಳಲ್ಲೂ ಇದನ್ನು ಕಾಣುತ್ತೇವೆ.

ಮೂರು ಯೋಜನೆ, ಒಂದೇ ಸಂಖ್ಯೆ

ಬಿಟ್‌ಕಾಯಿನ್‌ನ ತಾಂತ್ರಿಕ ಪ್ರಬಂಧ ಸತೋಷಿ ನಾಕಾಮೊಟೊ ಎಂಬ ಗುಪ್ತನಾಮದಲ್ಲಿ 2008ರ ಅಕ್ಟೋಬರ್ 31ರಂದು ಹೊರಬಂತು. 2009ರ ಜನವರಿಯಲ್ಲಿ ಅದರ ಮೊದಲ ಬ್ಲಾಕ್ ರಚನೆಯಾಯಿತು. ಬ್ಲಾಕ್‌ಚೈನ್ ಎಂದರೆ ಎಲ್ಲ ವಹಿವಾಟುಗಳನ್ನೂ ಬರೆದಿಟ್ಟ, ಯಾರು ಬೇಕಾದರೂ ತೆರೆದು ನೋಡಬಹುದಾದ ಲೆಕ್ಕದ ಪುಸ್ತಕ. ಈ ತಂತ್ರವೇ ವಂಚನೆಯಲ್ಲ. ಆದರೆ ಅಂಚೆ ಕೂಪನ್ನಿನಂತೆಯೇ ಇದೂ ಹೆಚ್ಚಿನವರಿಗೆ ಅರ್ಥವಾಗದ, ಆದರೆ ನಿಜವಾದ ಸಂಗತಿ. ವಂಚಕರಿಗೆ ಬೇಕಾದದ್ದು ಇಂಥದ್ದೇ.

ಎರಡೇ ವರ್ಷಗಳಲ್ಲಿ, 2011ರಲ್ಲಿ, ಅಮೆರಿಕದ ಟೆಕ್ಸಾಸಿನಿಂದ ‘ಬಿಟ್‌ಕಾಯಿನ್ ಸೇವಿಂಗ್ಸ್ ಅಂಡ್ ಟ್ರಸ್ಟ್’ ಎಂಬ ಯೋಜನೆ ಹೊರಟಿತು. ವಾರಕ್ಕೆ ಶೇ. 7ರವರೆಗೆ ಬಡ್ಡಿ ಎಂಬುದು ಅದರ ಭರವಸೆ. 2012ರಲ್ಲಿ ಮುಚ್ಚಿತು. 2016ರಲ್ಲಿ ಆರಂಭವಾದ ‘ಬಿಟ್‌ಕನೆಕ್ಟ್’ ತನ್ನಲ್ಲಿರುವ ತಂತ್ರಾಂಶ ತಾನಾಗಿಯೇ ವಹಿವಾಟು ನಡೆಸಿ ಲಾಭ ಗಳಿಸುತ್ತದೆಂದು ಹೇಳಿ, ಸರಾಸರಿ ದಿನಕ್ಕೆ ಶೇ. 1 ಲಾಭವನ್ನು ಜಾಲತಾಣದಲ್ಲಿ ತೋರಿಸುತ್ತಿತ್ತು.

ಈಗ ಚಕ್ರಬಡ್ಡಿಯ ಸೂತ್ರವನ್ನು ನೀವೇ ಬಳಸಿ ನೋಡಿ. ಪಾಂಜಿಯ ದರದಲ್ಲಿ ವರ್ಷಕ್ಕೆ ಸುಮಾರು 8.1 ಅವಧಿಗಳು, 1.5ರ 8.1ನೇ ಘಾತ ಸುಮಾರು 27. ವಾರಕ್ಕೆ ಶೇ. 7 ಎಂದರೆ 1.07ರ 52ನೇ ಘಾತ, ಸುಮಾರು 34. ದಿನಕ್ಕೆ ಶೇ. 1 ಎಂದರೆ 1.01ರ 365ನೇ ಘಾತ, ಸುಮಾರು 38. ಅಂದರೆ 1920ರಲ್ಲಿ, 2011ರಲ್ಲಿ, 2016ರಲ್ಲಿ ಕೊಟ್ಟ ಭರವಸೆ ಹೆಚ್ಚುಕಡಿಮೆ ಒಂದೇ: ನಿಮ್ಮ ಹಣ ಒಂದು ವರ್ಷದಲ್ಲಿ ಮೂವತ್ತು ಪಟ್ಟು. ಬದಲಾದದ್ದು ಅವಧಿಯ ಅಳತೆ ಮಾತ್ರ. ‘ದಿನಕ್ಕೆ ಒಂದು ಶೇಕಡಾ’ ಎಂದಾಗ ಅದು ಸಾಧಾರಣವಾಗಿ ಕೇಳಿಸುತ್ತದೆ. ಆದರೆ ಆ ದರದಲ್ಲಿ 10,000 ರೂಪಾಯಿ ಒಂದು ವರ್ಷದಲ್ಲಿ ಸುಮಾರು 3.78 ಲಕ್ಷ, ಎರಡು ವರ್ಷಗಳಲ್ಲಿ 1.4 ಕೋಟಿ, ಮೂರು ವರ್ಷಗಳಲ್ಲಿ 53 ಕೋಟಿಯನ್ನು ಮೀರುತ್ತದೆ. ಯಾವ ವ್ಯಾಪಾರವೂ ಇದನ್ನು ಕೊಡಲಾರದು.

2018ರ ಜನವರಿಯಲ್ಲಿ ಅಮೆರಿಕದ ಎರಡು ರಾಜ್ಯಗಳ ನಿಯಂತ್ರಕರು ನೋಟಿಸು ನೀಡಿದ ಮೇಲೆ ಬಿಟ್‌ಕನೆಕ್ಟ್ ತನ್ನ ಸಾಲ ಯೋಜನೆಯನ್ನು ನಿಲ್ಲಿಸಿತು. ಅದರ ನಾಣ್ಯದ ಬೆಲೆ ಕುಸಿದುಹೋಯಿತು. ಅಮೆರಿಕದ ನ್ಯಾಯಾಂಗ ಇಲಾಖೆಯ ಪ್ರಕಾರ ವಂಚನೆಯ ಮೊತ್ತ ಸುಮಾರು 240 ಕೋಟಿ ಡಾಲರ್. ಅದರ ಸ್ಥಾಪಕನೆಂದು 2022ರಲ್ಲಿ ದೋಷಾರೋಪಕ್ಕೆ ಒಳಗಾದವನು ಗುಜರಾತ್ ಮೂಲದವನು. 2025ರ ಫೆಬ್ರವರಿಯಲ್ಲಿ ನಮ್ಮ ಜಾರಿ ನಿರ್ದೇಶನಾಲಯ ಈ ಪ್ರಕರಣದಲ್ಲಿ ಸುಮಾರು 1,646 ಕೋಟಿ ರೂಪಾಯಿ ಬೆಲೆಯ ಕ್ರಿಪ್ಟೋ ನಾಣ್ಯಗಳನ್ನು ವಶಪಡಿಸಿಕೊಂಡಿತು.

ಬಲ್ಗೇರಿಯದಿಂದ 2014ರಲ್ಲಿ ಹೊರಟ ‘ಒನ್‌ಕಾಯಿನ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದಕ್ಕೆ ನಿಜವಾದ ಬ್ಲಾಕ್‌ಚೈನ್ ಇರಲೇ ಇಲ್ಲ. ಪರದೆಯ ಮೇಲಿನ ಬೆಲೆ ಕಂಪನಿಯವರೇ ಬರೆದ ಸಂಖ್ಯೆಯಾಗಿತ್ತು. 2017ರ ಏಪ್ರಿಲ್‌ನಲ್ಲಿ ನವಿ ಮುಂಬಯಿ ಪೊಲೀಸರು ಅದರ ಪ್ರಚಾರಕರನ್ನು ಬಂಧಿಸಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸ್ಥಾಪಕಿ ರುಜಾ ಇಗ್ನಾಟೋವಾ ಕಣ್ಮರೆಯಾದಳು.

ಸರಪಳಿಯ ಲೆಕ್ಕ

ಇಂಥ ಅನೇಕ ಯೋಜನೆಗಳಲ್ಲಿ ಹೊಸಬರನ್ನು ಸೇರಿಸಿದವರಿಗೆ ಬಹುಮಾನ ಇರುತ್ತದೆ. ಒಬ್ಬೊಬ್ಬರೂ ಆರು ಜನರನ್ನು ಸೇರಿಸಬೇಕೆಂದು ಇಟ್ಟುಕೊಳ್ಳಿ. ಹತ್ತನೆಯ ಹಂತದಲ್ಲೇ 6ರ 10ನೇ ಘಾತ, ಅಂದರೆ 6,04,66,176 ಹೊಸಬರು ಬೇಕು. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ ಸುಮಾರು 6.11 ಕೋಟಿ! ಹಿಂದಿನ ಹಂತಗಳನ್ನೂ ಕೂಡಿದರೆ ರಾಜ್ಯದ ಜನ ಸಾಲುವುದಿಲ್ಲ. ಹದಿಮೂರನೆಯ ಹಂತಕ್ಕೆ 1,300 ಕೋಟಿಗೂ ಹೆಚ್ಚು ಜನ ಬೇಕು. ಭೂಮಿಯ ಮೇಲಿರುವವರು ಸುಮಾರು 800 ಕೋಟಿ. ಕೊನೆಯ ಹಂತದಲ್ಲಿ ಸೇರಿದವರೇ ಯಾವಾಗಲೂ ಬಹುಸಂಖ್ಯಾತರು, ನಷ್ಟವಾಗುವುದೂ ಅವರಿಗೇ.

ಹೊರಗಿನಿಂದ ಶಕ್ತಿ ಪಡೆಯದೆ ಸದಾ ದುಡಿಯುವ ಯಂತ್ರ ಸಾಧ್ಯವಿಲ್ಲ. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ಅಂಥ ಯಂತ್ರಗಳ ಪ್ರಸ್ತಾವಗಳನ್ನು ಇನ್ನು ಪರಿಶೀಲಿಸುವುದಿಲ್ಲವೆಂದು 1775ರಲ್ಲೇ ತೀರ್ಮಾನಿಸಿತು. ಹಣದ ಯೋಜನೆಗೂ ಇದೇ ಪ್ರಶ್ನೆ ಹಾಕಿ: ಲಾಭ ಯಾವ ದುಡಿಮೆಯಿಂದ ಬರುತ್ತದೆ? ಉತ್ತರ ‘ಹೊಸ ಸದಸ್ಯರಿಂದ’ ಎಂದಾದರೆ, ಅಥವಾ ಉತ್ತರವೇ ಇಲ್ಲದಿದ್ದರೆ, ಅಕಾಡೆಮಿಯ ತೀರ್ಮಾನವೇ ನಿಮ್ಮದೂ ಆಗಲಿ.

ಹೊಸ ವೇಷ

2020ರ ನಂತರ ವಂಚನೆಯ ರೂಪ ಬದಲಾಗಿದೆ. ಈಗ ಸಭೆ, ಭಾಷಣಗಳ ಅಗತ್ಯವಿಲ್ಲ. ತಪ್ಪಿ ಬಂದಂತೆ ಕಾಣುವ ಒಂದು ವಾಟ್ಸ್ಆ್ಯಪ್ ಸಂದೇಶ, ವಾರಗಟ್ಟಲೆ ಸ್ನೇಹದ ಮಾತು, ಆಮೇಲೆ ‘ನನಗೆ ಒಳ್ಳೆಯ ಲಾಭ ಬರುತ್ತಿದೆ’ ಎಂಬ ಸೂಚನೆ, ಅದರ ಹಿಂದೆ ಒಂದು ಟ್ರೇಡಿಂಗ್ ಆ್ಯಪ್. ಅದರಲ್ಲಿ ಬೆಲೆಯ ನಕ್ಷೆ, ಏರುವ ಶಿಲ್ಕು ಎಲ್ಲವೂ ಇರುತ್ತವೆ. ಮೊದಲು ಕೇಳಿದ ಸಣ್ಣ ಮೊತ್ತವೂ ಕೈಗೆ ಬರುತ್ತದೆ. ದೊಡ್ಡ ಮೊತ್ತ ಕೇಳಿದಾಗ ‘ಮೊದಲು ತೆರಿಗೆ ಕಟ್ಟಿ’, ‘ಠೇವಣಿ ಇಡಿ’ ಎನ್ನುತ್ತಾರೆ.

2023ರಲ್ಲಿ ಅಮೆರಿಕದ ಕ್ಯಾನ್ಸಸ್ ರಾಜ್ಯದ ಎಲ್ಖಾರ್ಟ್ ಎಂಬ ಸಣ್ಣ ಊರಿನ ಬ್ಯಾಂಕಿನ ಮುಖ್ಯಸ್ಥನೇ ಇಂಥ ಬಲೆಗೆ ಬಿದ್ದು ಬ್ಯಾಂಕಿನ 4.71 ಕೋಟಿ ಡಾಲರ್ ಕಳುಹಿಸಿದ. ಬ್ಯಾಂಕು ಮುಚ್ಚಿತು, ಆತನಿಗೆ 24 ವರ್ಷಗಳ ಸೆರೆಯಾಯಿತು. ಸಂದೇಶ ಬರೆಯುವವರಲ್ಲೂ ಅನೇಕರು ಬಲಿಪಶುಗಳೇ. ಕೆಲಸದ ಆಸೆ ತೋರಿಸಿ ಕರೆದೊಯ್ದು ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000, ಕಾಂಬೋಡಿಯದಲ್ಲಿ ಸುಮಾರು 1,00,000 ಜನರನ್ನು ಈ ಕೆಲಸಕ್ಕೆ ಬಲವಂತವಾಗಿ ತೊಡಗಿಸಿರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರಲ್ಲಿ ವರದಿ ಮಾಡಿತು. ಹಾಗೆ ಸಿಕ್ಕಿಬಿದ್ದವರಲ್ಲಿ ಭಾರತೀಯರೂ ಇದ್ದರು.

ಗುರುತಿಸುವ ಪರೀಕ್ಷೆಗಳು

ನಿಶ್ಚಿತ ಲಾಭದ ಭರವಸೆ ಇದೆಯೆ? ಅದನ್ನು ವಾರ್ಷಿಕ ದರಕ್ಕೆ ಬದಲಿಸಿ ನೋಡಿ. ಆ್ಯಪನ್ನು ಅಪರಿಚಿತರು ಕಳುಹಿಸಿದ ಕೊಂಡಿಯಿಂದ ಇಳಿಸಿಕೊಳ್ಳಬೇಕೆ? ಜಾಲತಾಣ ನೋಂದಣಿಯಾದ ದಿನಾಂಕವನ್ನು ಹೂಈಸ್ ಶೋಧದಲ್ಲಿ ನೋಡಿ. ಹತ್ತು ವರ್ಷ ಹಳೆಯದೆಂದು ಹೇಳಿಕೊಳ್ಳುವ ಕಂಪನಿಯ ತಾಣ ಎರಡು ತಿಂಗಳ ಹಿಂದಿನದಾಗಿದ್ದರೆ ಅಲ್ಲಿಗೇ ನಿಲ್ಲಿಸಿ. ‘ನಿಮ್ಮ ಹೆಸರಿನಲ್ಲಿ ನಾಣ್ಯ ಕೊಂಡಿದ್ದೇವೆ’ ಎಂದರೆ ವಹಿವಾಟಿನ ಹ್ಯಾಶ್ ಸಂಖ್ಯೆ ಕೇಳಿ, ಸಾರ್ವಜನಿಕ ಬ್ಲಾಕ್‌ಚೈನ್‌ನಲ್ಲಿ ಹುಡುಕಿ. ಅಲ್ಲಿ ಇಲ್ಲದ ನಾಣ್ಯ ಕೇವಲ ಪರದೆಯ ಮೇಲಿನ ಚಿತ್ರವಾಗಿರಬಹುದು. ನಿಮ್ಮದೇ ಹಣ ತೆಗೆಯಲು ಇನ್ನಷ್ಟು ಹಣ ಕೇಳಿದರೆ ಅದು ಬಹುಮಟ್ಟಿಗೆ ವಂಚನೆಯೇ. ಒಂದು ಪೈಸೆಯನ್ನೂ ಕಟ್ಟಬೇಡಿ.

2022ರ ಏಪ್ರಿಲ್‌ನಿಂದ ಕ್ರಿಪ್ಟೋ ಲಾಭದ ಮೇಲೆ ಭಾರತದಲ್ಲಿ ಶೇ. 30 ತೆರಿಗೆ ಇದೆ. ಆದರೆ ಆ ತೆರಿಗೆಯನ್ನು ಆದಾಯ ತೆರಿಗೆ ಇಲಾಖೆಗೆ ಕಟ್ಟಬೇಕೇ ಹೊರತು ಆ್ಯಪಿನವರ ಖಾತೆಗಲ್ಲ. 2023ರ ಮಾರ್ಚ್‌ನಿಂದ ಇಲ್ಲಿ ಸೇವೆ ನೀಡುವ ಕ್ರಿಪ್ಟೋ ಸಂಸ್ಥೆಗಳು ಕೇಂದ್ರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿಕೊಳ್ಳಬೇಕು. ನೋಂದಣಿ ಲಾಭದ ಖಾತರಿಯಲ್ಲ. ಆದರೆ ಅದು ಇಲ್ಲದಿರುವುದು ಸ್ಪಷ್ಟ ಎಚ್ಚರಿಕೆ.

ಮೋಸ ಹೋದ ಮೇಲೆ

ಹಣ ಕಳುಹಿಸಿದ್ದು ಗೊತ್ತಾದ ಕೂಡಲೆ 1930 ಸಂಖ್ಯೆಗೆ ಕರೆ ಮಾಡಿ, ಅಥವಾ 2019ರಲ್ಲಿ ಆರಂಭವಾದ ರಾಷ್ಟ್ರೀಯ ತಾಣ ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್‌ನಲ್ಲಿ ದೂರು ದಾಖಲಿಸಿ. ಬ್ಯಾಂಕಿಗೂ ತಿಳಿಸಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರಿ ಕ್ರಿಪ್ಟೋ ಆಗುವ ಮೊದಲು ತಡೆಹಿಡಿಯಲು ಸಾಧ್ಯವಿರುವುದರಿಂದ ಮೊದಲ ಗಂಟೆಗಳು ಬಹಳ ಮುಖ್ಯ. ಸಂಭಾಷಣೆಗಳನ್ನು ಅಳಿಸಬೇಡಿ. ವಹಿವಾಟಿನ ಯುಟಿಆರ್ ಸಂಖ್ಯೆ, ವಾಲೆಟ್ ವಿಳಾಸ, ಹ್ಯಾಶ್, ಫೋನ್ ಸಂಖ್ಯೆಗಳು, ತಾಣದ ವಿಳಾಸ, ಪರದೆಯ ಚಿತ್ರಗಳನ್ನು ದಿನಾಂಕ ಸಹಿತ ಒಂದೆಡೆ ಇಡಿ. ಬ್ಲಾಕ್‌ಚೈನ್‌ನ ದಾಖಲೆ ಅಳಿಯದು. ಅದು ತನಿಖೆಗೆ ನೆರವಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಅಪರಾಧ ಎಲ್ಲೇ ನಡೆದಿರಲಿ, ಹತ್ತಿರದ ಠಾಣೆಯಲ್ಲಿ ಮಾಹಿತಿ ನೀಡಬಹುದು.

ಇನ್ನೊಂದು ಎಚ್ಚರಿಕೆ. ‘ಕಳೆದ ಹಣ ವಾಪಸು ಕೊಡಿಸುತ್ತೇವೆ, ಮೊದಲು ಶುಲ್ಕ ಕಟ್ಟಿ’ ಎಂದು ಬರುವವರು ಅದೇ ವಂಚನೆಯ ಎರಡನೆಯ ಸುತ್ತು.

ದೂರಿಗೆ ದೊಡ್ಡ ಅಡ್ಡಿ ನಾಚಿಕೆ. ಈ ವಂಚನೆಗೆ ಬಳಕೆಯಲ್ಲಿದ್ದ ‘ಹಂದಿ ಕೊಬ್ಬಿಸಿ ಕೊಲ್ಲುವುದು’ ಎಂಬ ಅರ್ಥದ ಹೆಸರು ನೊಂದವರನ್ನು ಅವಮಾನಿಸಿ ದೂರು ಕೊಡದಂತೆ ಮಾಡುತ್ತದೆಂದು ಹೇಳಿ, 2024ರ ಡಿಸೆಂಬರ್‌ನಲ್ಲಿ ಇಂಟರ್‌ಪೋಲ್ ಅದನ್ನು ಕೈಬಿಡಬೇಕೆಂದು ಕೋರಿತು. ಒಬ್ಬರು ಮೌನವಾದಷ್ಟೂ ಅದೇ ಖಾತೆಗೆ, ಅದೇ ಆ್ಯಪಿಗೆ ಇನ್ನೊಬ್ಬರ ಹಣ ಹೋಗುತ್ತಿರುತ್ತದೆ.

ಅಧ್ಯಾಪಕ ಮಿತ್ರರೇ, ಘಾತಾಂಕಗಳ ಪಾಠ ಬಂದಾಗ ಬ್ಯಾರನ್ನನ ಕೂಪನ್ ಲೆಕ್ಕವನ್ನೂ ಆರರ ಸರಪಳಿಯನ್ನೂ ಕಪ್ಪುಹಲಗೆಯ ಮೇಲೆ ಮಾಡಿಸಿ. ವಿದ್ಯಾರ್ಥಿಗಳೇ, ಮನೆಯಲ್ಲಿ ಯಾರಾದರೂ ಮೊಬೈಲ್ ಹಿಡಿದು ಮೌನವಾಗಿ ಕುಳಿತಿದ್ದರೆ ‘ಯಾಕೆ ಹೀಗೆ ಮಾಡಿದಿರಿ?’ ಎಂದು ಕೇಳಬೇಡಿ. ಮೊದಲು 1930ಕ್ಕೆ ಕರೆ ಮಾಡಿಸಿ; ಲೆಕ್ಕ ಆಮೇಲೆ ಕಲಿಸಬಹುದು.