ಸಕ್ಕರೆಯಿಲ್ಲದ ಸಿಹಿಯ ಚರಿತ್ರೆ

ನಮ್ಮ ಹೊಸೂರು, ಕೃಷ್ಣಗಿರಿ ಸೀಮೆಯಲ್ಲಿ ಸಕ್ಕರೆ ಕಾಯಿಲೆಯವರು ಕಾಫಿಗೆ ಹಾಕಿಕೊಳ್ಳುವ ಸಿಹಿ ಗುಳಿಗೆಗೆ ದೊಡ್ಡ ಚರಿತ್ರೆಯೇ ಇದೆ. 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಡಾಂಬರಿನ ಪದಾರ್ಥಗಳ ಮೇಲೆ ಪ್ರಯೋಗ ಮಾಡುತ್ತಿದ್ದ ಫಾಲ್‌ಬರ್ಗ್ ಎಂಬುವರಿಗೆ ಊಟದ ವೇಳೆ ಕೈಯೇ ಸಿಹಿಯೆನಿಸಿತಂತೆ. ಅದೇ ಸ್ಯಾಕರಿನ್, ಸಕ್ಕರೆಗಿಂತ ಸುಮಾರು 300 ಪಟ್ಟು ಸಿಹಿ. ಮೊದಲನೆಯ ಮಹಾಯುದ್ಧದಲ್ಲಿ ಸಕ್ಕರೆಗೆ ಅಭಾವ ಬಂದಾಗ ಅದರ ಬಳಕೆ ಹೆಚ್ಚಿತು.

ಸ್ಯಾಕರಿನ್ ಮೈಯಲ್ಲಿ ಕರಗಿ ಸಕ್ಕರೆಯಾಗದು. ಬಹುಪಾಲು ಮೂತ್ರದಲ್ಲೇ ಹೊರಹೋಗುತ್ತದೆ. ಆದರೆ ಜೊತೆಗೆ ತಿಂದ ಮುದ್ದೆ, ಮಾವಿನಹಣ್ಣು ರಕ್ತದ ಸಕ್ಕರೆಯನ್ನು ಏರಿಸಿಯೇ ಏರಿಸುತ್ತವೆ. ತೂಕ ಇಳಿಸಲು ಇಂಥ ಸಿಹಿಗಳನ್ನು ನೆಚ್ಚಬೇಡಿರೆಂದು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿತು.

ಒಂದು ಮಾತು ನೆನಪಿರಲಿ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಕ್ಕರೆ ಇಳಿದು ಬೆವರು, ನಡುಕ ಬಂದಾಗ ಈ ಗುಳಿಗೆ ಕೆಲಸಕ್ಕೆ ಬಾರದು. ಎಚ್ಚರವಿರುವಾಗಲೇ ನಿಜವಾದ ಸಕ್ಕರೆಯನ್ನೇ ಕೊಡಬೇಕು.