ದೃಗ್ಗಣಿತದ ಇಬ್ಬರು ಸಾಧಕರು

ಜ್ಯೋತಿಷವೆಂಬ ಮಾತು ಕಿವಿಗೆ ಬಿದ್ದೊಡನೆ ಸಾಮಾನ್ಯ ಜನರ ಮನಸ್ಸು ಜಾತಕ ಮುಹೂರ್ತಗಳ ಕಡೆಗೆ ಹರಿಯುವುದುಂಟು. ಆದರೆ ಆ ಶಾಸ್ತ್ರದ ಮೂರು ಸ್ಕಂಧಗಳಲ್ಲಿ ಸಿದ್ಧಾಂತಸ್ಕಂಧವೇ ಉಳಿದೆರಡಕ್ಕೆ ಆಧಾರವಾದುದು. ಗ್ರಹನಕ್ಷತ್ರಗಳ ಸ್ಥಾನವನ್ನು ಅಳೆಯುವುದು, ಅಳೆದುದರಿಂದ ಅವುಗಳ ಗತಿಯ ನಿಯಮವನ್ನು ಕಾಣುವುದು, ಆ ನಿಯಮದಿಂದ ಮುಂದಿನ ಸ್ಥಾನವನ್ನು ಗಣಿಸುವುದು, ಗಣಿಸಿದುದು ಆಕಾಶದಲ್ಲಿ ಕಂಡುದಕ್ಕೆ ಹೊಂದದಿದ್ದರೆ ಗಣಿತವನ್ನು ತಿದ್ದುವುದು, ಇವೇ ಖಗೋಲಜ್ಞನ ಮುಖ್ಯ ಕಾರ್ಯಗಳು. ಇವುಗಳಲ್ಲಿ ಕಡೆಯದು ಬಹು ಕಠಿನವಾದುದು. ಪೂರ್ವಾಚಾರ್ಯರ ಅಂಕೆಗಳನ್ನು ತಿದ್ದಬೇಕಾದವನಿಗೆ ಪಾಂಡಿತ್ಯದೊಡನೆ ಧೈರ್ಯವೂ ಬೇಕಾಗುವುದು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಥ ಧೈರ್ಯವನ್ನು ತೋರಿದ ಇಬ್ಬರು ಭಾರತೀಯರ ಚರಿತ್ರೆಯು ಸ್ಮರಣೀಯವಾಗಿದೆ.

ಉತ್ಕಲದೇಶದ ಖಂಡಪಡಾ ಸಂಸ್ಥಾನದ ರಾಜವಂಶದಲ್ಲಿ 1835ರಲ್ಲಿ ಚಂದ್ರಶೇಖರ ಸಾಮಂತರು ಜನಿಸಿದರು. ಅವರಿಗೆ ದೊರೆತ ವಿದ್ಯೆಯೆಲ್ಲ ಸಂಸ್ಕೃತದ್ದು. ಇಂಗ್ಲಿಷನ್ನು ಅವರು ಅರಿಯರು. ಬಾಲ್ಯದಲ್ಲಿ ಚಿಕ್ಕಪ್ಪನವರಿಂದ ನಕ್ಷತ್ರಪರಿಚಯವಾಯಿತು. ಮುಂದೆ ತಾವೇ ಸಿದ್ಧಾಂತಗ್ರಂಥಗಳನ್ನು ಓದಿ ಗ್ರಹಗಳನ್ನು ಗಣಿಸತೊಡಗಿದಾಗ, ಗಣಿತದಿಂದ ಬಂದ ಸ್ಥಾನಗಳು ಆಕಾಶದಲ್ಲಿ ಕಾಣುವ ಸ್ಥಾನಗಳಿಗೆ ಹೊಂದಲಿಲ್ಲ. ಅನ್ಯರಾಗಿದ್ದರೆ ಕಣ್ಣಿನ ದೋಷವೆಂದು ಸುಮ್ಮನಾಗುತ್ತಿದ್ದರೋ ಏನೋ! ಸಾಮಂತರು ಮಾತ್ರ ಅಳೆಯಲು ಉಪಕರಣವನ್ನು ಕಲ್ಪಿಸಿಕೊಂಡರು.

ಅವರ ಮಾನಯಂತ್ರವು ಇಪ್ಪತ್ತುನಾಲ್ಕು ಅಂಗುಲದ ಒಂದು ಮರದ ಕಡ್ಡಿ. ಅದರ ತುದಿಗೆ ಅಡ್ಡಲಾಗಿ ಕೂಡಿಸಿದ ಮತ್ತೊಂದು ಕಡ್ಡಿ. ಅಡ್ಡಕಡ್ಡಿಯಲ್ಲಿ ಕೋನಗಳ ಲೆಕ್ಕಕ್ಕನುಸಾರವಾಗಿ ಗೀರುಗಳೂ ರಂಧ್ರಗಳೂ ಇದ್ದವು. ಇನ್ನೊಂದು ತುದಿಯಲ್ಲಿ ಕಣ್ಣಿಟ್ಟು ರಂಧ್ರದ ಮೂಲಕ ತಾರೆಯನ್ನು ನೋಡಿದರೆ ಕೋನವು ತಿಳಿಯುತ್ತಿತ್ತು. ಇಷ್ಟು ಸರಳವಾದ ಸಾಧನದಿಂದ ದೊರೆತ ಫಲವು ವಿಸ್ಮಯಕರವಾದುದು. ಚಂದ್ರನ ಕಕ್ಷೆಯು ಕ್ರಾಂತಿವೃತ್ತಕ್ಕೆ 4 ಅಂಶ 30 ಕಲೆಗಳಷ್ಟು ಓರೆಯಾಗಿದೆಯೆಂದು ಸೂರ್ಯಸಿದ್ಧಾಂತವು ಹೇಳುವುದು. ಸಾಮಂತರಿಗೆ ಅದು 5 ಅಂಶ 9 ಕಲೆಗಳೆಂದು ಕಂಡಿತು. ಆಧುನಿಕರು ನಿರ್ಣಯಿಸಿರುವ ಮಧ್ಯಮ ಮಾನಕ್ಕೂ ಇದಕ್ಕೂ ಒಂದು ಕಲೆಯಷ್ಟೂ ಅಂತರವಿಲ್ಲ. ಪ್ರಚಲಿತ ಪಂಚಾಂಗಗಣಿತವು ಚಂದ್ರನಿಗೆ ಮಂದಫಲವೊಂದನ್ನೇ ಕೊಡುತ್ತಿತ್ತು. ಸಾಮಂತರು ತುಂಗಾಂತರ, ಪಾಕ್ಷಿಕ, ದಿಗಂಶಗಳೆಂಬ ಮೂರು ಸಂಸ್ಕಾರಗಳನ್ನು ಸೇರಿಸಿದರು. ಇದು ಪಂಡಿತರ ವಿನೋದವಷ್ಟೇ ಅಲ್ಲ. ಚಂದ್ರನು ತಪ್ಪಿದರೆ ತಿಥಿಯು ತಪ್ಪುವುದು. ತಿಥಿಯು ತಪ್ಪಿದರೆ ಏಕಾದಶಿಯೂ ಶ್ರಾದ್ಧವೂ ತಪ್ಪುವುವು.

ಈ ಶೋಧನೆಗಳನ್ನೆಲ್ಲ ಅವರು ಸಂಸ್ಕೃತ ಶ್ಲೋಕಗಳಲ್ಲಿ ‘ಸಿದ್ಧಾಂತದರ್ಪಣ’ವೆಂಬ ಗ್ರಂಥವಾಗಿ ರಚಿಸಿ 1869ರಲ್ಲಿ ಮುಗಿಸಿದರು. ಆದರೆ ಅದು ತಾಳೆಗರಿಯಲ್ಲಿಯೇ ಮೂವತ್ತು ವರ್ಷ ಉಳಿಯಿತು. ಕಟಕದ ಕಾಲೇಜಿನ ಅಧ್ಯಾಪಕ ಯೋಗೇಶಚಂದ್ರ ರಾಯರು ದೀರ್ಘವಾದ ಇಂಗ್ಲಿಷ್ ಪೀಠಿಕೆಯನ್ನು ಬರೆದು 1899ರಲ್ಲಿ ಕಲ್ಕತ್ತೆಯಲ್ಲಿ ಅದನ್ನು ಪ್ರಕಟಿಸಿದ ಮೇಲೆಯೇ ಹೊರಗಿನ ಲೋಕಕ್ಕೆ ಅವರ ಪರಿಚಯವಾಯಿತು. ಅವರನ್ನು ಡೆನ್ಮಾರ್ಕ್ ದೇಶದ ಟೈಕೋ ಬ್ರಾಹೆಗೆ ಹೋಲಿಸಿದರು. ಈ ಹೋಲಿಕೆಯಲ್ಲಿ ಗೌರವವೂ ಇದೆ, ವಿಷಾದವೂ ಇದೆ. ಟೈಕೋ 1601ರಲ್ಲಿಯೇ ಗತಿಸಿದವನು. ಅವನಂತೆ ಸಾಮಂತರೂ ಗ್ರಹಗಳು ಸೂರ್ಯನನ್ನೂ, ಸೂರ್ಯನು ಭೂಮಿಯನ್ನೂ ಸುತ್ತುವುದಾಗಿ ಭಾವಿಸಿದ್ದರು. ಪಾಕ್ಷಿಕಸಂಸ್ಕಾರವನ್ನೂ ಟೈಕೋ ಆಗಲೇ ಕಂಡಿದ್ದನು. ಲೋಕವು ಎಂದೋ ಅರಿತುದನ್ನು ಮಹಾಮೇಧಾವಿಯೊಬ್ಬರು ಏಕಾಕಿಯಾಗಿ ಮೊದಲಿನಿಂದ ಅರಸಬೇಕಾಯಿತು.

ಅದೇ ಕಾಲದಲ್ಲಿ ಮದರಾಸಿನ ವೇಧಶಾಲೆಯಲ್ಲಿ ಚಿಂತಾಮಣಿ ರಘುನಾಥಾಚಾರ್ಯರು ಕೆಲಸದಲ್ಲಿದ್ದರು. ಅವರು ಪಂಚಾಂಗಕಾರರ ಮನೆತನದವರು. ಎಳವೆಯಲ್ಲಿಯೇ ವೇಧಶಾಲೆಯನ್ನು ಸೇರಿ, ರಾತ್ರಿರಾತ್ರಿಯೂ ತಾರೆಗಳ ಸ್ಥಾನವನ್ನು ಗುರುತಿಸುವ ಅಭ್ಯಾಸದಿಂದಲೇ ಮೊದಲನೆಯ ಸಹಾಯಕರ ಪದವಿಗೆ ಏರಿದರು. ದಕ್ಷಿಣಾಕಾಶದ ರೆಟಿಕ್ಯುಲಮ್ ಪುಂಜದಲ್ಲಿ ಕಾಂತಿಯು ಹೆಚ್ಚುತ್ತ ಕುಗ್ಗುತ್ತ ಇರುವ ಒಂದು ತಾರೆಯನ್ನು 1867ರಲ್ಲಿ ಕಂಡುಹಿಡಿದರು. 1868ರ ಪೂರ್ಣ ಸೂರ್ಯಗ್ರಹಣವನ್ನು ವನಪರ್ತಿಯಲ್ಲಿ ವೀಕ್ಷಿಸಿದರು. 1872ರಲ್ಲಿ ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಸದಸ್ಯತ್ವವು ಅವರಿಗೆ ದೊರೆಯಿತು. 1874ರ ಶುಕ್ರಸಂಕ್ರಮಣವನ್ನು ಜನರಿಗೆ ತಿಳಿಸಲು ತಮಿಳು ಉರ್ದು ಮೊದಲಾದ ದೇಶಭಾಷೆಗಳಲ್ಲಿ ಪುಸ್ತಿಕೆಯನ್ನು ಹೊರಡಿಸಿದರು. ಆಕಾಶಕ್ಕೆ ಹೊಂದುವ ದೃಗ್ಗಣಿತ ಪಂಚಾಂಗವನ್ನೂ ಪ್ರಚಾರಕ್ಕೆ ತಂದರು. 1880ರಲ್ಲಿ ಅವರು ತೀರಿಕೊಂಡರು. ಸಾಮಂತರು 1904ರವರೆಗೆ ಬದುಕಿದ್ದರು.

ಇಬ್ಬರ ನಿಷ್ಠೆಯೂ ಒಂದೇ. ಗ್ರಂಥವು ಹೇಳುವುದನ್ನು ಆಕಾಶದ ಮುಂದೆ ಹಿಡಿದು ಪರೀಕ್ಷಿಸಿದರು. ಪರೀಕ್ಷಿಸಿದ್ದರಿಂದ ಶಾಸ್ತ್ರಕ್ಕೆ ಅವಮಾನವಾಯಿತೆಂದು ಇಬ್ಬರೂ ಬಗೆಯಲಿಲ್ಲ. ಅವರಲ್ಲಿದ್ದ ಭೇದವು ಪರಿಸರದ್ದು. ಆಚಾರ್ಯರಿಗೆ ದೂರದರ್ಶಕವೂ ಸಹಚರರೂ ಪರದೇಶದ ವಿದ್ವಾಂಸರ ಪತ್ರಿಕೆಗಳೂ ದೊರೆತವು; ಆದುದರಿಂದ ಅವರು ಕಂಡುದು ಲೋಕಕ್ಕೇ ಹೊಸದಾಯಿತು. ಸಾಮಂತರು ಕಂಡುದರಲ್ಲಿ ಬಹುಭಾಗವು ತಮ್ಮ ನಾಡಿಗೆ ಮಾತ್ರ ಹೊಸದಾಯಿತು.

ಇಂದು ಖಗೋಲಜ್ಞನಾಗಬಯಸುವವನು ಗಣಿತವನ್ನೂ ಭೌತಶಾಸ್ತ್ರವನ್ನೂ ವಿಶ್ವವಿದ್ಯಾನಿಲಯದಲ್ಲಿ ಅಭ್ಯಸಿಸಿ, ಅನಂತರ ಗುರುವೊಬ್ಬರ ಬಳಿ ಕೆಲವು ವರ್ಷ ಸಂಶೋಧನೆಯನ್ನು ನಡೆಸುವನು. ಲಡಾಖಿನ ಹಾನ್ಲೆಯಲ್ಲಿರುವ ಎರಡು ಮೀಟರ್ ವ್ಯಾಸದ ದೂರದರ್ಶಕವನ್ನು ಬೆಂಗಳೂರಿನ ಸಮೀಪದ ಹೊಸಕೋಟೆಯಲ್ಲಿ ಕುಳಿತೇ ನಡೆಸುವರು. ಸಾಮಂತರು ಜೀವಮಾನವನ್ನೆಲ್ಲ ಕಳೆದು ಪಡೆದ ಅಂಕೆಗಳು ವಿದ್ಯಾರ್ಥಿಗೆ ಪುಸ್ತಕದ ಒಂದು ಪುಟದಲ್ಲಿ ದೊರೆಯುವುವು. ಆದರೂ ಆ ಪುಟವನ್ನು ಆಕಾಶಕ್ಕೆ ಹೋಲಿಸಿ ನೋಡುವ ಕೆಲಸವು ಅವನಿಗೂ ತಪ್ಪಿದ್ದಲ್ಲ; ಅಲ್ಲಿ ಖಂಡಪಡಾದ ಪಂಡಿತರೇ ಅವನಿಗೆ ಮೇಲ್ಪಂಕ್ತಿ.