ಚಂಡೆಯ ಪೆಟ್ಟು ಎರಡು ಸಲ ಕೇಳಿದಾಗ

ಕೊಡಚಾದ್ರಿಯ ತಪ್ಪಲಿನ ನಿಟ್ಟೂರಿನಂಥ ಊರಿನಲ್ಲಿ, ಕೊಯ್ಲು ಮುಗಿದ ಗದ್ದೆಯ ಬಯಲಿನಲ್ಲಿ ಆಟ ನಡೆದರೆ ಚಂಡೆಯ ಸದ್ದು ಯಾವ ಮೈಕಿನ ಹಂಗೂ ಇಲ್ಲದೆ ದೂರದ ಮನೆಗಳನ್ನು ಮುಟ್ಟುತ್ತದೆ. ಆದರೆ ಪಾತ್ರಧಾರಿ ಹೇಳುವ ಅರ್ಥ ಅಷ್ಟು ದೂರ ಹೋಗದು. ಪದ್ಯದ ಸಾಹಿತ್ಯವೂ ಹಾಗೆಯೇ. ಬಯಲಾಟಕ್ಕೆ ಧ್ವನಿವರ್ಧಕ ಬಂದದ್ದು ಈ ಕೊರತೆಯನ್ನು ನೀಗಲೆಂದು. ಅದರ ಬೆನ್ನಿಗೇ ಇನ್ನೊಂದು ತೊಡಕೂ ಬಂತು. ಹಿಂದೆ ಕುಳಿತವರಿಗೆ ಸದ್ದು ಧಾರಾಳವಾಗಿ ಕೇಳುತ್ತದೆ, ಮಾತು ಮಾತ್ರ ತಿಳಿಯುವುದಿಲ್ಲ.

ಇದಕ್ಕೆ ಕಾರಣ ಹೆಚ್ಚಿನ ಸಲ ಸದ್ದಿನ ಪ್ರಮಾಣವಲ್ಲ, ಅದು ಬಂದು ಸೇರುವ ಹೊತ್ತು.

ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಸಾಗುತ್ತದೆ. ಅಂದರೆ ಒಂದು ಮೀಟರ್ ದಾಟಲು ಅದಕ್ಕೆ ಸುಮಾರು 3 ಮಿಲಿಸೆಕೆಂಡ್ ಬೇಕು. ತಂತಿಯಲ್ಲಿ ಹರಿಯುವ ವಿದ್ಯುತ್ತಿಗೆ ಬಯಲಿನ ಅಗಲ ಲೆಕ್ಕಕ್ಕೇ ಇಲ್ಲ. ರಂಗಸ್ಥಳದಿಂದ 50 ಮೀಟರ್ ಹಿಂದಿನ ಕಂಬಕ್ಕೆ ಒಂದು ಹಾರ್ನ್ ಕಟ್ಟಿದೆ ಎನ್ನೋಣ. ಅದರ ಕೆಳಗೆ ಕುಳಿತವರಿಗೆ ಹಾರ್ನಿನ ಚಂಡೆ ಕೂಡಲೇ ಕೇಳುತ್ತದೆ. ರಂಗಸ್ಥಳದ ನಿಜವಾದ ಚಂಡೆ 145 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ನೆರಳು ಮೊದಲು, ಆಳು ಆಮೇಲೆ! ಸೆಕೆಂಡಿಗೆ ಏಳು ಪೆಟ್ಟು ಬೀಳುವ ವೇಗದಲ್ಲಿ ಒಂದು ಪೆಟ್ಟಿನ ಪ್ರತಿ ಮುಂದಿನ ಪೆಟ್ಟಿನ ಮೇಲೆಯೇ ಬಂದು ಕೂರುತ್ತದೆ. ಕಣ್ಣು ಕಾಣುವ ಕುಣಿತಕ್ಕೂ ಕಿವಿ ಕೇಳುವ ತಾಳಕ್ಕೂ ಹೊಂದಿಕೆ ತಪ್ಪುತ್ತದೆ. ಮುಂದೊಂದು, ಹಿಂದೊಂದು ಹಾರ್ನ್ ಇದ್ದಲ್ಲಿ ಮಾತಿನ ಗತಿಯೂ ಇದೇ: ಒಂದರ ಅಕ್ಷರ ಇನ್ನೊಂದರ ಅಕ್ಷರವನ್ನು ನುಂಗುತ್ತದೆ.

ಈ ತೊಡಕು ಮೊದಲು ಹೆಸರು ಮಾಡಿದ್ದು ಕೂಡ ಕುಣಿತದ ಮೂಲಕವೇ. 1930ರ ದಶಕದಲ್ಲಿ ಅಮೆರಿಕದ ಚಿತ್ರಮಂದಿರಗಳಿಗಾಗಿ ದೊಡ್ಡ ಧ್ವನಿವರ್ಧಕಗಳು ತಯಾರಾಗುತ್ತಿದ್ದವು. ತಗ್ಗುಸ್ವರಕ್ಕೊಂದು, ಎತ್ತರದ ಸ್ವರಕ್ಕೊಂದು ಎಂದು ಎರಡು ಕಹಳೆಗಳು. ತಗ್ಗುಸ್ವರದ ಕಹಳೆ ಉದ್ದವಾದ್ದರಿಂದ ಅದರ ಶಬ್ದ ಸುಮಾರು 8 ಅಡಿ ಹೆಚ್ಚು ದಾರಿ ನಡೆಯಬೇಕಾಗಿತ್ತು. ಸಂಗೀತದಲ್ಲಿ ಇದು ಎದ್ದು ಕಾಣಲಿಲ್ಲ. ನರ್ತಕಿ ಎಲಿನಾರ್ ಪೊವೆಲ್ ಅವರ ಟ್ಯಾಪ್ ನೃತ್ಯದಲ್ಲಿ ಮಾತ್ರ ಬೂಟಿನ ಒಂದು ತಟ್ಟು ಎರಡಾಗಿ ಕೇಳಿತು. ಎಂಜಿಎಂ ಸಂಸ್ಥೆಯ ಡಗ್ಲಸ್ ಶಿಯರರ್, ಜಾನ್ ಹಿಲಿಯಾರ್ಡ್ ಮತ್ತವರ ಸಂಗಡಿಗರು ದಾರಿಯ ಈ ಅಂತರವನ್ನು ತಗ್ಗಿಸಿ ಹೊಸ ಧ್ವನಿವರ್ಧಕ ಕಟ್ಟಿದರು. ಆ 8 ಅಡಿಯ ಅಂತರವೆಂದರೆ ಬರೀ 7 ಮಿಲಿಸೆಕೆಂಡ್. ತಟ್ಟು, ಪೆಟ್ಟು, ಗೆಜ್ಜೆಗಳಂಥ ಚುರುಕು ಸದ್ದುಗಳೇ ಕಾಲದ ತಪ್ಪನ್ನು ಹಿಡಿದುಕೊಡುತ್ತವೆ ಎಂಬುದು ಅಂದು ತಿಳಿದ ಪಾಠ.

ಹಾಗಾದರೆ ಕೂದಲೆಳೆಯಷ್ಟು ವ್ಯತ್ಯಾಸವೂ ಕಿವಿಗೆ ಗೊತ್ತಾಗುವುದೇ? ಇಲ್ಲ. 1978ರಲ್ಲಿ ಜರ್ಮನಿಯ ಬ್ಲಾವರ್ಟ್ ಮತ್ತು ಲಾಸ್ ನಡೆಸಿದ ಪ್ರಯೋಗಗಳಲ್ಲಿ, ಕಿವಿ ಅತ್ಯಂತ ಸೂಕ್ಷ್ಮವಾಗಿರುವ 2000 ಹರ್ಟ್ಸ್ ಆಸುಪಾಸಿನಲ್ಲೂ ಸುಮಾರು 1 ಮಿಲಿಸೆಕೆಂಡಿಗಿಂತ ಕಡಿಮೆ ವಿಳಂಬ ಕೇಳುಗರಿಗೆ ತಿಳಿಯಲಿಲ್ಲ. ಮನೆಯ ಸ್ಪೀಕರ್ ಪೆಟ್ಟಿಗೆಯಲ್ಲಿ ಚಿಕ್ಕ ಸ್ಪೀಕರಿಗೂ ದೊಡ್ಡದಕ್ಕೂ ನಡುವೆ ಇರುವುದು ಕೆಲವೇ ಸೆಂಟಿಮೀಟರುಗಳ ಅಂತರ. ಅದು ಈ ಮಿತಿಯ ಒಳಗೇ ಉಳಿಯುತ್ತದೆ. ಎರಡೂ ಒಟ್ಟಿಗೆ ನುಡಿಯುವ ಸ್ವರಗಳಲ್ಲಿ ಒಂದರ ಅಲೆ ಇನ್ನೊಂದನ್ನು ಅಳಿಸಿ ಧ್ವನಿಯ ಬಣ್ಣ ಬದಲಾಗಬಹುದು. ಅದು ಕಿವಿಗೆ ತಿಳಿದೀತು, ಆದರೆ ತಡವಾಯಿತೆಂದು ಅಲ್ಲ. ಪೆಟ್ಟಿಗೆಯೊಳಗಿನ ಕಾಲಹೊಂದಿಕೆಯ ಬಗ್ಗೆ ಜಾಹೀರಾತುಗಳು ಹೇಳುವುದನ್ನೆಲ್ಲ ನಂಬಬೇಕಾಗಿಲ್ಲ.

ಬಯಲಿನ ಲೆಕ್ಕವೇ ಬೇರೆ. ಅಲ್ಲಿ ತಪ್ಪುವುದು ಒಂದಲ್ಲ, ನೂರು ಮಿಲಿಸೆಕೆಂಡ್. ಇದಕ್ಕೆ ಪರಿಹಾರದ ದಾರಿ ತೋರಿದವರು ಜರ್ಮನಿಯ ಹೆಲ್ಮುಟ್ ಹಾಸ್. 1949ರ ತಮ್ಮ ಸಂಶೋಧನಾ ಪ್ರಬಂಧದಲ್ಲಿ ಅವರು ಒಂದು ವಿಚಿತ್ರವನ್ನು ತೋರಿಸಿದರು. ಒಂದೇ ಮಾತು ಎರಡು ಕಡೆಯಿಂದ ಬಂದಾಗ ಎರಡನೆಯದು ಸುಮಾರು 30 ಮಿಲಿಸೆಕೆಂಡಿನೊಳಗೆ ಬಂದರೆ ಕಿವಿ ಅವನ್ನು ಒಂದೇ ಮಾಡಿಕೊಳ್ಳುತ್ತದೆ. ಮಾತು ಮೊದಲು ಬಂದ ದಿಕ್ಕಿನಿಂದಲೇ ಕೇಳಿದಂತಾಗುತ್ತದೆ. ಎರಡನೆಯದು ಮೊದಲಿನದಕ್ಕಿಂತ ತುಸು ಜೋರಾಗಿದ್ದರೂ ಸರಿಯೇ. ಆದ್ದರಿಂದ ಹಿಂದಿನ ಹಾರ್ನನ್ನು ಬೇಕೆಂದೇ ತಡಮಾಡಿಸಬೇಕು. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲಿ 1950ರ ದಶಕದ ಆರಂಭದಲ್ಲಿಯೇ ಹೀಗೆ ಮಾಡಿದರು. ತಿರುಗುವ ಕಾಂತೀಯ ಚಕ್ರದ ಮೇಲೆ ಪ್ರವಚನವನ್ನು ಬರೆದುಕೊಂಡು, ದೂರದ ಧ್ವನಿವರ್ಧಕಗಳಿಗೆ ಅದನ್ನು ತಡವಾಗಿ ಕಳುಹಿಸಿದರು.

ಅಂದು ಅಷ್ಟೊಂದು ಯಂತ್ರ ಬೇಡಿದ್ದ ಕೆಲಸ ಇಂದು ಡಿಜಿಟಲ್ ಉಪಕರಣದಲ್ಲಿ ಒಂದು ಅಂಕಿ ಹೊಂದಿಸಿದರೆ ಮುಗಿಯಿತು. ರಂಗಸ್ಥಳದಿಂದ ಹಿಂದಿನ ಕಂಬಕ್ಕೆ ಎಷ್ಟು ಮೀಟರೋ ಅದರ ಮೂರರಷ್ಟು ಮಿಲಿಸೆಕೆಂಡ್, ಮೇಲೆ ಹತ್ತೋ ಹದಿನೈದೋ ಸೇರಿಸಿದರೆ ಆಯಿತು. ಆಗ ಕೊನೆಯ ಸಾಲಿನವರಿಗೂ ಭಾಗವತರ ಪದ ರಂಗಸ್ಥಳದಿಂದಲೇ ಬಂದಂತೆ ಕೇಳುತ್ತದೆ. ಉಪಕರಣ ಇಲ್ಲದಿದ್ದರೆ ಹಿಂದಿನ ಹಾರ್ನನ್ನೇ ಬಿಟ್ಟು, ಮುಂದಿನವನ್ನು ಎತ್ತರದಲ್ಲಿ ಕಟ್ಟುವುದು ಮೇಲು.

ನಮ್ಮಲ್ಲಿ ಮಾತು ತಿಳಿಯಲಿಲ್ಲವೆಂದು ಯಾರಾದರೂ ಹೇಳಿದರೆ ಮೈಕಿನವರ ಕೈ ಹೋಗುವುದು ಸದ್ದು ಏರಿಸುವ ಗುಂಡಿಗೆ. ಏರಿಸಿದಷ್ಟೂ ಎರಡೂ ಸದ್ದುಗಳ ಕಲಸುಮೇಲೋಗರವೇ ಬೆಳೆಯುತ್ತದೆ, ಪಕ್ಕದ ಊರಿನವರ ನಿದ್ದೆಯೂ ಕೆಡುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ಬಂದ ಮೇಲೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ಕಡಿವಾಣ ಬಿದ್ದಿದೆ. ಇರುಳಿಡೀ ನಡೆಯುವ ಆಟಕ್ಕೆ ಇದು ಸಣ್ಣ ಪ್ರಶ್ನೆಯಲ್ಲ. ಕಾಲಹೊಂದಿಕೆ ನಿಯಮದಿಂದ ವಿನಾಯಿತಿ ಕೊಡಿಸದು. ಆದರೆ ಕಡಿಮೆ ಸದ್ದಿನಲ್ಲೂ ಮಾತು ಮುಟ್ಟುವಂತೆ ಅದು ಮಾಡಬಲ್ಲದು. ತಾಳ ತಪ್ಪಿದರೆ ಹಿಮ್ಮೇಳವನ್ನು ಆಕ್ಷೇಪಿಸುವ ನಾವು, ಹಾರ್ನಿನ ತಾಳವನ್ನೂ ಒಮ್ಮೆ ವಿಚಾರಿಸಿಕೊಳ್ಳುವುದು ಒಳ್ಳೆಯದು.